ಇಳಕಲ್ಲಿಗೆ ಕೀಬೋರ್ಡ್ ಹೊತ್ತುಕೊಂಡು ಹೋದದ್ದು

ಎರಡು ವರ್ಷದ ಹಿಂದಿನ ಮಾತು. ಅಂದು ಶ್ರಾವಣ ಸೋಮವಾರ ಎಂಬುದು ಗಟ್ಟಿಯಾಗಿ ನೆನಪಿದೆ, ಏಕೆಂದರೆ ನಾನು ಉಪವಾಸವಿದ್ದೆ, ಉಪವಾಸವಿದ್ದ ದಿನ ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಉಳಿದ ದಿನ ಎಲ್ಲಿರುತ್ತದೆ ಎಂದು ನಮ್ಮ ಮನೆಯವರನ್ನು ಕೇಳಿದರೆ ಅವರು ನಕ್ಕು ಸುಮ್ಮನಾಗುತ್ತಾರೆ. ಆ ದಿನ ನಾನು ಒಂದು ಕೀಬೋರ್ಡನ್ನು ಖಣದ ಬಟ್ಟೆಯಲ್ಲಿ ಸುತ್ತಿಕೊಂಡು, ಕಂಕುಳಲ್ಲಿ ಹಿಡಿದು, ಗುಳೇದಗುಡ್ಡದಿಂದ ಇಳಕಲ್ಲಿಗೆ ಹೋಗಿದ್ದೆ. ಯಾಕೆ ಹೋದೆ, ಹೋಗಿ ಹೇಗೆ ನಗೆಪಾಟಲಾದೆ, ಆಮೇಲೆ ಏನಾಯಿತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ನಮ್ಮದು ನೇಕಾರರ ಮನೆ. ಮದುವೆಯಾಗಿ ಬಂದಾಗಿನಿಂದ ನಾನೂ ನಮ್ಮ ಮನೆಯವರೂ ಕುಣಿಮಗ್ಗದಲ್ಲಿ ಕುಪ್ಪಸದ ಖಣ ನೇಯುತ್ತಿದ್ದೆವು. ಒಂದು ಬೆಳಿಗ್ಗೆ ನೂಲಿಗೆ ಹಾಕಲು ಗಂಜಿ ಕಾಯಿಸುತ್ತಿದ್ದಾಗ ಪಾತ್ರೆ ಜಾರಿ ಪೂರ್ತಿ ಗಂಜಿ ನನ್ನ ಎಡಗೈ ಮೇಲೆ ಬಿತ್ತು. ಬಾಗಲಕೋಟೆಯ ದವಾಖಾನೆಯಲ್ಲಿ ಬಹಳ ದಿನ ಇದ್ದೆ. ಗಾಯ ಮಾಯಿತು, ಹೊಸ ಚರ್ಮವೂ ಬಂತು. ಆದರೆ ನಡುವಿನ ಬೆರಳು, ಉಂಗುರ ಬೆರಳು, ಕಿರುಬೆರಳು ಮೂರೂ ಅಂಗೈಯೊಳಗೆ ಮಡಚಿಕೊಂಡು ಅಲ್ಲೇ ಉಳಿದವು. ಹೆಬ್ಬೆರಳು ಮತ್ತು ತೋರುಬೆರಳು ಮಾತ್ರ ನನ್ನ ಮಾತು ಕೇಳುತ್ತಿದ್ದವು. ಮಗ್ಗದಲ್ಲಿ ಎಳೆ ಹರಿದರೆ ಗಂಟು ಹಾಕಲು ಎರಡೂ ಕೈ ಬೇಕು. ಹೀಗಾಗಿ ಮಗ್ಗ ಬಿಟ್ಟೆ.

ಮಗ್ಗ ಬಿಟ್ಟದ್ದನ್ನು ಹೇಗೋ ತಡೆದುಕೊಂಡೆ. ತಡೆದುಕೊಳ್ಳಲು ಆಗದೇ ಹೋದದ್ದು 'ಪಾಪ' ಅನ್ನುವ ಮಾತು. ಸಂತೆಗೆ ಹೋದರೆ ಪಾಪ, ಗುಡಿಗೆ ಹೋದರೆ ಪಾಪ, ಓಣಿಯಲ್ಲಿ ಕೊಡ ಹಿಡಿದು ನಡೆದರೆ ಪಾಪ. ಮೊದಮೊದಲು ತಲೆ ಅಲ್ಲಾಡಿಸುತ್ತಿದ್ದೆ, ಆಮೇಲೆ ಜಗಳ ತೆಗೆಯತೊಡಗಿದೆ. ನನಗೆ ಬೇಕಾಗಿದ್ದದ್ದು ಕೈಗೆ ಕೆಲಸ. ಅದನ್ನು ಬಿಟ್ಟು ಉಳಿದದ್ದೆಲ್ಲ ಜನ ಕೊಡುತ್ತಿದ್ದರು.

ಹೀಗಿರುವಾಗ ನಮ್ಮ ಮನೆಯವರು ಒಂದು ಸುದ್ದಿ ತಂದರು. ಇಳಕಲ್ಲಿನ ಸೀರೆ ಸಾವುಕಾರರೊಬ್ಬರಿಗೆ ಕಂಪ್ಯೂಟರಿನಲ್ಲಿ ಸೀರೆಯ ಅಂಚಿನ ಡಿಸೈನ್ ಬರೆಯುವವರು ಬೇಕಾಗಿದ್ದಾರೆ, ಅವರಲ್ಲಿ ಈಗಿರುವ ಹುಸೇನಸಾಬರಿಗೆ ಕಣ್ಣು ಮಂಜಾಗಿವೆ, ಈ ವರ್ಷ ಮುಗಿಯುವುದರೊಳಗೆ ಬಿಡುತ್ತಾರಂತೆ. "ಡಿಸೈನ್ ನಿನಗ ಗೊತ್ತ ಐತಿ, ಕಂಪ್ಯೂಟರ್ ಅಷ್ಟ ಕಲತರ ಆತು" ಎಂದರು. ಇವರು ಯಾವ ಕೆಲಸಕ್ಕೂ 'ಅಷ್ಟ' ಅನ್ನುವವರು. ಆದರೂ ನನಗೆ ಆ ಮಾತು ಹಿಡಿಸಿತು.

ನಮ್ಮ ಊರಿನಲ್ಲಿ ಗುರುಸಿದ್ದಪ್ಪ ಮಾಸ್ತರರ ಟೈಪಿಂಗ್ ಕ್ಲಾಸ್ ಹಳೆಯದು. ಈಗ ಟೈಪ್ ಮಷಿನ್ ಮೂಲೆ ಸೇರಿ ಮೂರು ಕಂಪ್ಯೂಟರ್ ಬಂದಿವೆ. ಮಾಸ್ತರರು ಎಪ್ಪತ್ತರ ಹತ್ತಿರದವರು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಮಾತು ಕಡಿಮೆ. ಚಿತ್ರ ಬರೆಯುವ ಪ್ರೋಗ್ರಾಂಗಳನ್ನು ಅವರು ಈ ವಯಸ್ಸಿನಲ್ಲಿ ತಾವೇ ಕಲಿತು ಹೇಳಿಕೊಡುತ್ತಿದ್ದರು. ಒಟ್ಟು ಮೂರು. ಜಿಂಪ್‌ನಲ್ಲಿ ಹಳೆಯ ಸೀರೆಯ ಫೋಟೊ ಚೊಕ್ಕಟ ಮಾಡುವುದು, ಇಂಕ್‌ಸ್ಕೇಪ್‌ನಲ್ಲಿ ಗೆರೆ ತೆಗೆಯುವುದು, ಕ್ರಿಟಾದಲ್ಲಿ ಬಣ್ಣ ತುಂಬುವುದು. ಮೂರೂ ಪುಕ್ಕಟೆ ಸಿಗುವಂಥವು, ಯಾರು ಬೇಕಾದರೂ ಒಳಗೆ ಕೈಹಾಕಿ ತಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು ಎಂದು ಮೊದಲ ದಿನವೇ ಹೇಳಿದ್ದರು. ನಾನು ಹೂಂ ಎಂದೆ. ಅರ್ಥವಾಗಿರಲಿಲ್ಲ.

ಬಲಗೈಯಲ್ಲಿ ಮೌಸ್ ಹಿಡಿದರೆ ಉಳಿದ ಕೆಲಸವೆಲ್ಲ ಎಡಗೈಯದು. ಇಲ್ಲೇ ನಾನು ಸಿಕ್ಕುಬಿದ್ದೆ. ಒಂದು ಕೆಲಸಕ್ಕೆ ಎರಡು ಕೀ, ಇನ್ನೊಂದಕ್ಕೆ ಮೂರು ಕೀ ಒಟ್ಟಿಗೆ ಒತ್ತಬೇಕು. ಅದೂ ಒಂದು ಪ್ರೋಗ್ರಾಂನಲ್ಲಿ ಇದ್ದದ್ದು ಇನ್ನೊಂದರಲ್ಲಿ ಇಲ್ಲ. ಜಿಂಪ್‌ನಲ್ಲಿ ಬ್ರಷ್‌ಗೆ ಪಿ ಒತ್ತಬೇಕು, ಕ್ರಿಟಾದಲ್ಲಿ ಬಿ. ಅದೇ ಬಿ ಇಂಕ್‌ಸ್ಕೇಪ್‌ನಲ್ಲಿ ಒತ್ತಿದರೆ ಬ್ರಷ್ ಬದಲು ಪೆನ್ ಬರುತ್ತದೆ. ಮಾಸ್ತರರು ಹಳೆಯ ಶಿಸ್ತಿನವರು. "ಒಂದೊಂದು ಬಟ್ಟಿಗೆ ಒಂದೊಂದು ಮನಿ ಐತಿ ತಂಗಿ" ಎಂದು ತಮ್ಮ ಹತ್ತೂ ಬೆರಳನ್ನು ಕೀಗಳ ಮೇಲೆ ಇಟ್ಟು ತೋರಿಸುತ್ತಿದ್ದರು. ನನ್ನ ಎಡಗೈಯಲ್ಲಿ ಎರಡೇ ಬಟ್ಟು. ಪ್ರತಿ ಸಲ ಮೌಸ್ ಬಿಟ್ಟು ಬಲಗೈ ತರಬೇಕು, ಮತ್ತೆ ಮೌಸ್ ಹುಡುಕಬೇಕು. ಬೇರೆಯವರು ಒಂದು ಹೂವು ಮುಗಿಸುವಾಗ ನಾನು ಎರಡು ಎಸಳಿನಲ್ಲಿರುತ್ತಿದ್ದೆ.

ಒಂದು ವಾರ ಮಾಸ್ತರರು ಸುಮ್ಮನೆ ನೋಡಿದರು. ಎಂಟನೆಯ ದಿನ ಹೇಳಿದರು, "ಹದಿನೈದು ದಿನ ಬರಬ್ಯಾಡ ತಂಗಿ. ಆಮ್ಯಾಲೆ ನಾನ ಹೇಳಿ ಕಳಸತೇನಿ."

ಹೇಳಿ ಕಳಿಸುತ್ತೇನೆ ಅಂದರೆ ಏನು ಎಂಬುದು ನನಗೆ ಗೊತ್ತಿಲ್ಲವೇ? ಮನೆಗೆ ಬಂದವಳೇ ಚಪ್ಪಲಿ ಒಂದು ಕಡೆ, ಚೀಲ ಒಂದು ಕಡೆ ಎಸೆದೆ. "ಬಾಯಿಬಿಟ್ಟು ನಿನ್ನ ಕೈಲೆ ಆಗೂದಿಲ್ಲ ಅನ್ನಬೇಕಿತ್ತು, ಹಿಂಗ್ಯಾಕ ಸಾಗ ಹಾಕಬೇಕು?" ಎಂದು ಹದಿನೈದು ದಿನವೂ ಮಾಸ್ತರರಿಗೆ ಬಾಯಿಗೆ ಬಂದದ್ದನ್ನು ಬೈದೆ. ರೊಟ್ಟಿ ತಟ್ಟುವಾಗ ಬೈದೆ, ಪಾತ್ರೆ ತೊಳೆಯುವಾಗ ಬೈದೆ. ಮುದುಕ ಎಂದೆ, ಕಲ್ಲುಮನಸ್ಸಿನವನು ಎಂದೆ. ಬರೆಯಲು ನಾಚಿಕೆಯಾಗುವ ಇನ್ನೂ ಕೆಲವನ್ನು ಅಂದೆ.

ಹದಿನಾರನೆಯ ದಿನ ನಿಜವಾಗಿಯೂ ಹೇಳಿ ಕಳಿಸಿದರು. ಹೋದೆ, ಮುಖ ಊದಿಸಿಕೊಂಡೇ ಹೋದೆ. ಕಿಟಕಿಯ ಪಕ್ಕದ ಕಂಪ್ಯೂಟರಿನ ಮುಂದೆ ಕೂರಿಸಿದರು. ಕೀಬೋರ್ಡಿನ ನಡುವಿನ ಏಳು ಕೀಗಳ ಮೇಲೆ ಸಣ್ಣ ಕಾಗದದ ಚೂರು ಅಂಟಿಸಿ ಕನ್ನಡದಲ್ಲಿ ಬರೆದಿದ್ದರು. ಎಫ್ ಮೇಲೆ 'ಬಿಚ್ಚು', ಡಿ ಮೇಲೆ 'ಬರೆ', ಆರ್ ಮೇಲೆ 'ಒರೆಸು', ಟಿ ಮೇಲೆ 'ಬಣ್ಣ', ಜಿ ಮೇಲೆ 'ದೊಡ್ಡದು', ವಿ ಮೇಲೆ 'ಸಣ್ಣದು', ಸಿ ಮೇಲೆ 'ಇನ್ನೊಂದು'. ಏಳೂ ಕೀ ನನ್ನ ತೋರುಬೆರಳಿಗೆ ಸಿಗುವಷ್ಟು ಹತ್ತಿರ. ತಪ್ಪಾದ ಗೆರೆಯನ್ನು ಹಿಂದೆ ತೆಗೆಯುವುದಕ್ಕೆ 'ಬಿಚ್ಚು' ಎಂದು ಬರೆದದ್ದು ನೋಡಿ ನನಗೆ ನಗು ಬಂತು. ನೇಯ್ಗೆ ತಪ್ಪಿದರೆ ನಾವು ಮಾಡುವುದೂ ಅದೇ.

"ಮೂರೂ ಪ್ರೋಗ್ರಾಂಕ್ಕ ಇವ ಕೀ. ಒಂದಕ್ಕೊಂದು ಬ್ಯಾರೆ ಇಲ್ಲ. ಒತ್ತಿ ನೋಡು" ಎಂದರು.

ಒತ್ತಿದೆ. ಬಲಗೈ ಮೌಸ್ ಬಿಡದೆ ಒಂದು ಹೂವು ಪೂರ್ತಿ ಮುಗಿಸಿದೆ. ಆ ಸಂತೋಷದಲ್ಲಿ ಇದನ್ನು ಹೇಗೆ ಮಾಡಿದಿರಿ, ಎಲ್ಲಿ ಮಾಡಿದಿರಿ ಎಂದು ಕೇಳಲೇ ಇಲ್ಲ. ಬೈದದ್ದಕ್ಕೆ ಒಳಗೊಳಗೇ ಸ್ವಲ್ಪ ಇರುಸುಮುರುಸಾಯಿತು, ಆದರೆ ಯಾರಿಗೂ ಗೊತ್ತಿಲ್ಲವಲ್ಲ ಎಂದು ಸುಮ್ಮನಾದೆ. ನಾಲ್ಕು ತಿಂಗಳು ದಿನವೂ ಹೋಗಿ ಅದೇ ಜಾಗದಲ್ಲಿ ಕೂತು ಕಲಿತೆ.

ನಮ್ಮ ಮನೆಯವರು ಸಾವುಕಾರರಿಗೆ ನನ್ನ ವಿಷಯ ಹೇಳಿಟ್ಟಿದ್ದರು; ಆ ಶ್ರಾವಣದ ಒಂದು ಭಾನುವಾರ ಸಂಜೆ ಇಳಕಲ್ಲಿನಿಂದ ಅವರ ಫೋನ್ ಬಂತು. "ನಾಳೆ ಬಂದು ಒಂದು ಅಂಚು ಬರದು ತೋರಸವ್ವಾ. ಮಂಗಳವಾರ ಇನ್ನೊಬ್ಬರು ಬರೋರದಾರ" ಎಂದರು.

ಈಗ ನನ್ನ ಬುದ್ಧಿ ಓಡಿದ ದಾರಿ ನೋಡಿ. ನಮ್ಮ ಓಣಿಯಲ್ಲಿ ಯಾರಾದರೂ ಬೇರೆಯವರ ಮಗ್ಗಕ್ಕೆ ಕೂಲಿ ನೇಯಲು ಹೋದರೆ ಅಡ್ಡ ನೂಲು ಓಡಿಸುವ ಲಾಳಿಯನ್ನು ತಾವೇ ಒಯ್ಯುತ್ತಾರೆ. ಮಗ್ಗ ಯಾರದಾದರೂ ಇರಲಿ, ಲಾಳಿ ನಮ್ಮ ಕೈಗೆ ಪಳಗಿದ್ದು ಇರಬೇಕು. ಕೀಬೋರ್ಡೂ ಹಾಗೆಯೇ ಎಂದು ನಾನು ತಿಳಿದಿದ್ದೆ. ಕಾಗದ ಅಂಟಿಸಿದ್ದು ಅದರ ಮೇಲೆ, ನನ್ನ ಕೈ ಪಳಗಿದ್ದು ಅದರ ಮೇಲೆ. ಅಂದಮೇಲೆ ಮಾಸ್ತರರು ಮಾಡಿದ ಹೊಂದಾಣಿಕೆಯೆಲ್ಲ ಅದರ ಹೊಟ್ಟೆಯೊಳಗೇ ಇರಬೇಕಲ್ಲವೇ? ಸೋಮವಾರ ಬೆಳಿಗ್ಗೆ ಕ್ಲಾಸಿಗೆ ಹೋದರೆ ಬೀಗ. ಮಾಸ್ತರರು ಗೆಳೆಯರ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಬಾದಾಮಿಗೆ ಹೋಗಿದ್ದರು. ಪಕ್ಕದ ಮನೆಯೇ ಅವರದು. ಅವರ ಹೆಂಡತಿ ನೀಲಕ್ಕ ಬೀಗ ತೆಗೆದು, "ಒಯ್ಯವ್ವಾ, ಅದೇನು ತಿನ್ನಾಕ ಬರ್ತದ? ಕೆಲಸ ಆಗಲಿ" ಎಂದು ಕೀಬೋರ್ಡ್ ಬಿಚ್ಚಿ ಕೊಟ್ಟರು.

ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅಮೀನಗಡದಲ್ಲಿ ಹತ್ತಿದ ಹೆಂಗಸೊಬ್ಬಳು ಖಣದ ಬಟ್ಟೆ ನೋಡಿ, ಉಡಿ ತುಂಬಲು ಹೊರಟಿದ್ದೀರಾ ಎಂದು ಕೇಳಿದಳು. ಹೌದು ಎಂದೆ. ಹುನಗುಂದದಲ್ಲಿ ಬಸ್ ಬದಲಿಸಿ ಇಳಕಲ್ಲು ಮುಟ್ಟುವಾಗ ಹನ್ನೊಂದು ಗಂಟೆ.

ಅಂಗಡಿಯ ಮುಂದಿನ ಭಾಗದಲ್ಲಿ ಸೀರೆಯ ರಾಶಿ, ಹಿಂದಿನ ಕೋಣೆಯಲ್ಲಿ ಕಂಪ್ಯೂಟರ್. ಹುಸೇನಸಾಬರು ದಪ್ಪ ಕನ್ನಡಕ ಹಾಕಿಕೊಂಡು ಅದರ ಪಕ್ಕ ಕೂತಿದ್ದರು. ಅದೇ ಮೂರು ಪ್ರೋಗ್ರಾಂ ಇದ್ದದ್ದು ನೋಡಿ ಧೈರ್ಯ ಬಂತು. ಸಾವುಕಾರರು ಒಂದು ಹಳೆಯ ಸೀರೆಯ ತುಂಡು ಕೊಟ್ಟು, "ಇದರ ಅಂಚು ಬರೀಬೇಕು. ಒಂದು ತಾಸು" ಎಂದರು. ನಾನು ಬಟ್ಟೆ ಬಿಚ್ಚಿ ಕೀಬೋರ್ಡ್ ತೆಗೆದೆ.

"ನಮ್ಮಲ್ಲಿ ಐತಲ್ಲಾ ತಂಗಿ" ಎಂದರು ಹುಸೇನಸಾಬರು.

"ಇದು ನನ್ನ ಕೈಗೆ ಹೊಂದಿಸಿದ್ದು ಐತ್ರಿ ಕಾಕಾ."

ಅವರು ನನ್ನ ಕೈ ನೋಡಿದರು, ಏನೂ ಕೇಳದೆ ತಮ್ಮದನ್ನು ತೆಗೆದು ನನ್ನದನ್ನು ಸಿಕ್ಕಿಸಿದರು. ಸೀರೆಯ ಫೋಟೊ ಜಿಂಪ್‌ನಲ್ಲಿ ತೆರೆದೆ. ಒರೆಸಲೆಂದು ಆರ್ ಒತ್ತಿದರೆ ಚೌಕ ಹಾಕುವ ಗೆರೆ ಬಂತು. ಬಣ್ಣಕ್ಕೆ ಟಿ ಒತ್ತಿದರೆ ಅಕ್ಷರ ಬರೆ ಎಂದು ನಿಂತಿತು. ವೈರ್ ಸರಿಯಾಗಿ ಕೂತಿಲ್ಲವೇನೋ ಎಂದು ತೆಗೆದು ಹಾಕಿದೆ. ಎಫ್ ಒತ್ತಿದೆ, ಡಿ ಒತ್ತಿದೆ. ಒಂದೂ ನನ್ನದಲ್ಲ. ಮೇಲೆ ಮಾತ್ರ ಮಾಸ್ತರರ ಅಕ್ಷರದಲ್ಲಿ 'ಬಿಚ್ಚು', 'ಬರೆ' ಎಂದು ಕಾಗದ ಅಂಟಿಕೊಂಡಿದ್ದವು.

ಸಾವುಕಾರರು ಹಿಂದೆ ಬಂದು ನಿಂತದ್ದು ಗೊತ್ತೇ ಆಗಲಿಲ್ಲ. ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಮೆತ್ತಗಿನ ದನಿಯಲ್ಲಿ, "ಪಾಪ, ಕೈ ಹಂಗೈತಿ. ಬಿಡವ್ವಾ, ಚಾ ಕುಡದು ಹೋಗು" ಎಂದರು.

ಬೈದಿದ್ದರೆ ಬಹುಶಃ ಎದ್ದು ಬರುತ್ತಿದ್ದೆ. ಆ ಪಾಪ ಅನ್ನುವ ಮಾತು ಕೇಳಿದ್ದೇ ನನ್ನ ಮೈ ಉರಿಯಿತು. "ಚಾ ಬ್ಯಾಡ್ರಿ, ನನಗ ಉಪವಾಸ ಐತಿ. ಒಂದು ಫೋನ್ ಮಾಡಿ ಬರತೇನಿ" ಎಂದು ಅಂಗಡಿಯ ಮೆಟ್ಟಿಲಿಗೆ ಬಂದು ಮಾಸ್ತರರಿಗೆ ಫೋನ್ ಹಚ್ಚಿದೆ.

ಎರಡನೆಯ ಸಲ ಎತ್ತಿದರು. ಹಿಂದೆ ಹೆಂಗಸರು ಜೋಗುಳ ಹಾಡುತ್ತಿದ್ದರು. ನಡೆದದ್ದು ಹೇಳಿದೆ.

"ಏನು? ಕೀಬೋರ್ಡ್ ಒಯ್ದೀ?"

"ಹೌದ್ರಿ."

"ಖಾಲಿ ಕೀಬೋರ್ಡ್?"

"ಹೌದ್ರಿ ಸರ್."

ಮಾಸ್ತರರು ನಗುತ್ತಾರೋ ಸಿಟ್ಟಾಗುತ್ತಾರೋ ಎಂದುಕೊಂಡೆ, ಎರಡೂ ಆಗಲಿಲ್ಲ. ಜೋಗುಳದ ಮೇಲೆ ದನಿ ಏರಿಸಿ ಹೇಳಿದರು, "ತಪ್ಪು ನಂದು. ಮಾಡಿ ಕೊಟ್ಟೆ, ಮಾಡೂದು ಹೆಂಗಂತ ನಿನಗ ಹೇಳಿ ಕೊಡಲಿಲ್ಲ. ಕೀಬೋರ್ಡಿನಾಗ ಏನೂ ಇಲ್ಲ ತಂಗಿ, ಪ್ರೋಗ್ರಾಂ ಒಳಗ ಒಂದು ಪಟ್ಟಿ ಇರತೈತಿ. ಯಾವ ಕೆಲಸಕ್ಕ ಯಾವ ಕೀ ಅಂತ. ಅದನ್ನ ಅಲ್ಲೂ ಬದಲಿ ಮಾಡಬೇಕು. ಈಗ ನೀ ಮಾಡತೀ. ಒಳಗ ಹೋಗಿ ಕೂಡ್ರು, ಫೋನ್ ಇಡಬ್ಯಾಡ."

ಒಳಗೆ ಬಂದು, "ಸಾವುಕಾರ್ರ, ಬರಿಯೋ ಮೊದಲ ನನಗ ಅರ್ಧ ತಾಸು ಕೊಡ್ರಿ. ಕೀ ಹೊಂದಿಸಿಕೋಬೇಕು" ಎಂದೆ. ಅವರು ಹುಸೇನಸಾಬರ ಮುಖ ನೋಡಿದರು. ಆ ಕಂಪ್ಯೂಟರಿನಲ್ಲಿ ದಿನವೂ ಕೂರುವವರು ಹುಸೇನಸಾಬರು, ಕೀ ಬದಲಿಸಿದರೆ ಅವರ ಕೈ ತಪ್ಪುತ್ತದೆ ಎಂಬುದು ನನಗೆ ಆಗ ಹೊಳೆಯಿತು.

"ಮಾಡ್ಲಿ ಬಿಡ್ರಿ" ಎಂದರು ಹುಸೇನಸಾಬರು. "ಹಳೇದು ಬೇಕಾದ್ರ ಮತ್ತ ತರಾಕ ಬರ್ತೈತಿ. ಕೂಡ್ರವ್ವಾ, ಫೋನ್ ಇಲ್ಲಿ ಕೊಡು."

ಫೋನಿನ ಸ್ಪೀಕರ್ ಹಚ್ಚಿ ನನ್ನ ಕಿವಿಯ ಹತ್ತಿರ ಹಿಡಿದುಕೊಂಡು ನಿಂತರು. ಕಂಪ್ಯೂಟರಿನಲ್ಲಿ ಅಷ್ಟು ವರ್ಷ ಕೆಲಸ ಮಾಡಿದ ಮನುಷ್ಯ, ತಮ್ಮ ಜಾಗಕ್ಕೆ ಬಂದವಳಿಗೆ ಫೋನ್ ಹಿಡಿದು ನಿಂತದ್ದು ಇವತ್ತಿಗೂ ನನ್ನ ಕಣ್ಣ ಮುಂದೆ ಇದೆ.

"ಜಿಂಪ್‌ದಾಗ ಎಡಿಟ್ ಒತ್ತು" ಎಂದರು ಮಾಸ್ತರರು. "ತೆಳಗ ಕೀಬೋರ್ಡ್ ಶಾರ್ಟ್‌ಕಟ್ಸ್ ಅಂತ ಐತಿ. ಸಿಕ್ತೇನು? ಮ್ಯಾಲಿನ ಖಾನೆದಾಗ ಅನ್‌ಡೂ ಅಂತ ಹುಡುಕು. ಬಂತಾ? ಅದರ ಮ್ಯಾಲೆ ಒತ್ತಿ ಎಫ್ ಹೊಡಿ."

ಹೊಡೆದೆ. ಆ ಕೀ ಈಗಾಗಲೇ ಇನ್ನೊಂದು ಕೆಲಸಕ್ಕೆ ಇದೆ, ಬದಲಿಸಬೇಕೇ ಎಂದು ಕಂಪ್ಯೂಟರ್ ಕೇಳಿತು. ನಾನು ಕೈ ಹಿಂದೆಗೆದು ಅದನ್ನು ಓದಿ ಹೇಳಿದೆ.

"ಬದಲಸು, ಅಂಜಬ್ಯಾಡ" ಎಂದರು. "ಏನೂ ಮುರಿಯೂದಿಲ್ಲ."

ಒಂದೊಂದಾಗಿ ಏಳೂ ಕೀ ಹಾಕಿದೆ. ಆಮೇಲೆ ಇಂಕ್‌ಸ್ಕೇಪ್, ಆಮೇಲೆ ಕ್ರಿಟಾ. ಪಟ್ಟಿ ಇರುವ ಜಾಗ ಮೂರರಲ್ಲೂ ಬೇರೆ, ಕೆಲಸದ ಹೆಸರೂ ಅಲ್ಲಲ್ಲಿ ಬೇರೆ. ಮಾಸ್ತರರು ಬಾದಾಮಿಯಲ್ಲಿ ಯಾರದೋ ಮನೆಯ ಪಡಸಾಲೆಯಲ್ಲಿ ನಿಂತು, ಮುಂದೆ ಕಂಪ್ಯೂಟರ್ ಇಲ್ಲ, ಕಾಗದ ಇಲ್ಲ, ಒಂದು ಕಡೆಯೂ ತಡವರಿಸದೆ ಹೇಳುತ್ತ ಹೋದರು. ನಡುವೆ ಯಾರೋ ಊಟಕ್ಕೆ ಕರೆದರು, "ನೀವು ಕೂಡ್ರಿ, ನಾ ಬಂದೆ" ಎಂದು ಮತ್ತೆ ಶುರುಮಾಡಿದರು. ಸಾವುಕಾರರು ಎರಡು ಸಲ ಇಣುಕಿ ಹೋದರು. ಮೂರನೆಯ ಸಲ, "ಅದ್ಯಾರ ಮನಿ ತೊಟ್ಟಿಲಾ?" ಎಂದು ಕೇಳಿದರು.

ಕೊನೆಯ ಕೀ ಮುಗಿದ ಮೇಲೆ ನಾನು ಕೇಳಿದೆ, "ನೋಡದ ಹೆಂಗ ಹೇಳತೀರಿ ಸರ್?"

"ರೂಢಿ ಆಗೇತಿ" ಎಂದಷ್ಟೇ ಹೇಳಿ ಫೋನ್ ಇಟ್ಟರು.

ಆಮೇಲಿನ ಒಂದು ತಾಸು ನನಗೆ ಹೋದದ್ದೇ ತಿಳಿಯಲಿಲ್ಲ. ಕೈ ತಾನೇ ಓಡಿತು. ನಡುವೆ ಒಂದು ಕಡೆ ಗೆರೆ ತಪ್ಪಿ ಎಂಟು ಸಲ ಬಿಚ್ಚಿದೆ, ಎಂಟೂ ಸಲ ಒಂದೇ ಬೆರಳಿನಲ್ಲಿ. ಮುಗಿಸಿ ಎದ್ದಾಗ ಹುಸೇನಸಾಬರು ಮೂಗು ಪರದೆಗೆ ತಾಗುವಷ್ಟು ಬಗ್ಗಿ, ಪೆನ್ಸಿಲ್ ತುದಿಯಿಂದ ಒಂದೊಂದೇ ಚೌಕ ಎಣಿಸಿದರು. ಒಂದು ಚೌಕವೆಂದರೆ ಒಂದು ಎಳೆ. ನನ್ನ ಉಸಿರು ಅವರ ಪೆನ್ಸಿಲ್ ಜೊತೆಗೇ ಹೋಗುತ್ತಿತ್ತು.

"ಎಳಿ ಲೆಕ್ಕ ಒಂದೂ ತಪ್ಪಿಲ್ಲ" ಎಂದರು ಸಾವುಕಾರರ ಕಡೆ ತಿರುಗಿ. "ಇದನ್ನ ಮಗ್ಗದಾಗ ಕುಂತಾಕಿ ಬರದಾಳ. ಬರೇ ಕಂಪ್ಯೂಟರ್ ಕಲತವರಿಗೆ ಹಿಂಗ ಬರೂದಿಲ್ಲ."

ಸಾವುಕಾರರು ಸೀರೆಯ ತುಂಡನ್ನು ಪರದೆಯ ಪಕ್ಕ ಹಿಡಿದು ಎರಡನ್ನೂ ನೋಡಿದರು. "ಗುರುವಾರದಿಂದ ಬಾ. ವಾರಕ್ಕ ಎರಡು ದಿನ ಇಲ್ಲಿ, ಉಳದದ್ದು ನಿಮ್ಮ ಊರಾಗ ಕುಂತು ಮಾಡು" ಎಂದರು. ಕೀ ಮೊದಲಿನ ಹಾಗೆ ಮಾಡಿ ಹೋಗಲೇ ಎಂದು ಕೇಳಿದಾಗ ಹುಸೇನಸಾಬರು ಬೇಡ ಎಂದರು. ಇನ್ನು ಮುಂದೆ ಕೂರುವವಳು ನೀನೇ ಅಲ್ಲವೇ ಎಂದು ನಕ್ಕರು.

ಸಂಜೆ ಊರಿಗೆ ಬಂದು ಮೊದಲು ಕೀಬೋರ್ಡ್ ಕೊಡಲು ಹೋದೆ. ಮಾಸ್ತರರು ಇನ್ನೂ ಬಂದಿರಲಿಲ್ಲ. ಕೆಲಸ ಸಿಕ್ಕಿತು ಎಂದಾಗ ನೀಲಕ್ಕ ನನ್ನ ಎರಡೂ ಕೈ ಹಿಡಿದುಕೊಂಡರು. ಮಾಸ್ತರರು ಫೋನಿನಲ್ಲಿ ಒಂದೂ ತಪ್ಪಿಲ್ಲದೆ ಹೇಳಿದ್ದನ್ನು ನಾನು ಹೊಗಳಿದೆ.

"ತಪ್ಪು ಹೆಂಗ ಆಗತೈತವ್ವಾ?" ಎಂದರು ನೀಲಕ್ಕ. "ನಿನಗ ಬರಬ್ಯಾಡ ಅಂದ್ರಲ್ಲ, ಆ ಹದಿನೈದು ದಿನ ಏನ ಮಾಡಿದ್ರು ಗೊತ್ತೈತೇನು? ನನ್ನ ಹಳೇ ಸೀರಿ ಹರದು, ಎಡಗೈದು ಮೂರು ಬಟ್ಟು ಮಡಚಿ ಗಟ್ಟಿಯಾಗಿ ಕಟ್ಟಿಕೊಂಡು ಕುಂತರು. ಯಾವ ಕೀ ಸಿಗತೈತಿ, ಯಾವುದು ಸಿಗೂದಿಲ್ಲ ಅಂತ ಒಂದೊಂದ ಹಚ್ಚಿ ನೋಡೂದು, ಸರಿ ಬರಲಿಲ್ಲಂದ್ರ ತಗಿಯೂದು. ಊಟಕ್ಕ ಕುಂತರೂ ಬಿಚ್ಚಲಿಲ್ಲ. ಅಂಗಿ ಗುಂಡಿ ನಾನ ಹಾಕತಿದ್ದೆ. ಯಾಕ್ರೀ ಇದು ಅಂದ್ರ, ಆಕಿ ಕೈ ನನಗ ಗೊತ್ತಾಗಬೇಕಲ್ಲ ಅನ್ನವರು."

ನಾನು ಬಾಗಿಲಲ್ಲಿ ನಿಂತೇ ಅತ್ತೆ. ಅವರು ಬೆರಳು ಕಟ್ಟಿಕೊಂಡು ಕೂತಿದ್ದ ಅದೇ ಹೊತ್ತಿಗೆ ನಾನು ರೊಟ್ಟಿ ತಟ್ಟುತ್ತ ಅವರಿಗೆ ಕಲ್ಲುಮನಸ್ಸಿನವನು ಎನ್ನುತ್ತಿದ್ದೆ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಮರುದಿನ ಅವರ ಮುಂದೆ ಹೋಗಿ ನಿಂತು ನೇರವಾಗಿ ಹೇಳಿಬಿಟ್ಟೆ. "ಸರ್, ಆ ಹದಿನೈದು ದಿನ ನಾ ನಿಮಗ ಭಾಳ ಬೈದೇನ್ರಿ. ತಪ್ಪಾತು."

ಮಾಸ್ತರರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಬೈದಿದ್ದು ಸರಿ ಐತಿ ಬಿಡು" ಎಂದರು. "ನಲವತ್ತು ವರ್ಷ ಈ ಕ್ಲಾಸ್ ನಡಸೇನಿ. ಬಟ್ಟು ತಪ್ಪಿತು ಅಂತ ಎಷ್ಟ ಹುಡುಗರಿಗೆ ಫೂಟಪಟ್ಟಿಲೆ ಹೊಡದೀನಿ, ಎಷ್ಟ ಮಂದಿ ಬಿಟ್ಟು ಹೋದ್ರು. ಅವರ ಪೈಕಿ ಯಾರ ಕೈಗೆ ಏನಾಗಿತ್ತು ಅಂತ ಒಬ್ಬರಿಗೂ ಕೇಳಲಿಲ್ಲ ನಾ. ನಿನ್ನ ಕೈ ಕಣ್ಣಿಗೆ ಕಾಣತಿತ್ತು, ಅದಕ್ಕ ಬಚಾವಾದಿ."

ಕನ್ನಡಕ ಮತ್ತೆ ಹಾಕಿಕೊಂಡು, ಕಂಪ್ಯೂಟರ್ ಹಚ್ಚಿ ಕೂಡ್ರು ಎಂದರು.

ಈಗ ನಾನು ಇಳಕಲ್ಲಿನ ಕೆಲಸ ಮಾಡುತ್ತ, ಬಿಡುವಿದ್ದ ದಿನ ಅವರ ಕ್ಲಾಸಿನಲ್ಲೂ ಹೇಳಿಕೊಡುತ್ತೇನೆ. ಹೊಸದಾಗಿ ಯಾರೇ ಸೇರಲು ಬರಲಿ, ಮಾಸ್ತರರು ಮೊದಲು "ಕೈ ತೋರಸ್ರಿ" ಅನ್ನುತ್ತಾರೆ. ಎರಡೂ ಕೈ ಹಿಡಿದು, ಬೆರಳು ಮಡಚಿಸಿ ಬಿಡಿಸಿ ನೋಡುತ್ತಾರೆ, ಎಲ್ಲಿ ನೋವು ಐತಿ ಎಂದು ಕೇಳುತ್ತಾರೆ. ಹೆಸರು ಬರೆದುಕೊಳ್ಳುವುದು ಆಮೇಲೆ. ಅದನ್ನು ನೋಡುವಾಗಲೆಲ್ಲ, ಅದಕ್ಕೆ ಕಾರಣವಾದ ನನ್ನ ಈ ಎಡಗೈಯ ಮೇಲೆ ಮೊದಲಿನಷ್ಟು ಸಿಟ್ಟು ಬರುವುದಿಲ್ಲ.